ರೇಷ್ಮೆ ಗೂಡು ನೋಡುವ ಪೆಟ್ಟಿಗೆ

ಗೂಡು ಹರಡಿದ ಟ್ರೇಯನ್ನು ಒಳಗೆ ತಳ್ಳಿದರೆ, ಜೋಡಿ ಗೂಡು ಯಾವುದು, ಕಲೆ ಗೂಡು ಯಾವುದು, ತೆಳು ಗೂಡು ಯಾವುದು ಅಂತ ಗುರುತು ಹಾಕಿ ತೋರಿಸುವ ಪೆಟ್ಟಿಗೆ ಇದು. ಮಳವಳ್ಳಿ ತಾಲ್ಲೂಕಿನಲ್ಲಿರುವ ನಮ್ಮ ಚಿಕ್ಕಪ್ಪನ ಮನೆ ಜಗಲಿ ಮೇಲೆ ಕೂತಿದೆ. ಒಳಗಿರುವುದು ರಾಸ್ಪ್‌ಬೆರಿ ಪೈ 4 ಅನ್ನುವ ಒಂದು ಪುಟ್ಟ ಕಂಪ್ಯೂಟರ್, ಒಂದು ಕ್ಯಾಮೆರಾ, ಎಲ್‌ಇಡಿ ಪಟ್ಟಿಗಳು, ದೀಪ ಹಚ್ಚಿ ಆರಿಸಲು ಎರಡು ರಿಲೇ ಸ್ವಿಚ್ಚು. ಗೂಡು ಗುರುತಿಸುವ ಮಾಡೆಲ್, ಅಂದರೆ ಉದಾಹರಣೆ ಚಿತ್ರ ನೋಡಿ ಕಲಿತ ಪ್ರೋಗ್ರಾಂ, ಯೋಲೋ ಅನ್ನುವ ಕುಟುಂಬದ್ದು. ರೇಷ್ಮೆ ಮನೆಯವರೂ ಪೈ ಇಟ್ಟುಕೊಂಡು ಆಟವಾಡುವವರೂ ಇಬ್ಬರೂ ಓದಬಹುದು ಅಂತ ಎರಡೂ ಕಡೆಯ ವಿಷಯ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮೊದಲು ಗೂಡಿನ ಕಥೆ. ಚಿಕ್ಕಪ್ಪ ಸಾಕುವುದು ಬೈವೋಲ್ಟೈನ್ (ವರ್ಷಕ್ಕೆ ಎರಡು ತಲೆಮಾರು ಕಾಣುವ ತಳಿ), ಎಫ್‌ಸಿ1 × ಎಫ್‌ಸಿ2 ಹೈಬ್ರಿಡ್. ಬಿಳಿ ಗೂಡು. ಒಂದು ಬೆಳೆಗೆ ನೂರು ಮೊಟ್ಟೆ. ಇಲ್ಲಿ ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಇಡೀ ಗುಂಪು, ಅದರಲ್ಲಿ ನಾನೂರರಿಂದ ಐನೂರು ಹುಳು. ಅಲ್ಲಿಗೆ ನಲವತ್ತು ಸಾವಿರದ ಮೇಲೆ ಹುಳು. ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ, ಹಣ್ಣಾದ ಮೇಲೆ, ಅಂದರೆ ಗೂಡು ಕಟ್ಟಲು ಸಿದ್ಧವಾದ ಮೇಲೆ, ಚಂದ್ರಿಕೆಗೆ (ಗೂಡು ಕಟ್ಟಿಸುವ ಬಿದಿರಿನ ತಟ್ಟೆ) ಬಿಡುತ್ತಾರೆ. ಚಂದ್ರಿಕೆಯಲ್ಲಿ ಚದರ ಅಡಿಗೆ 40–45 ಹುಳು ಇದ್ದರೆ ಸರಿ. ಜಾಸ್ತಿ ಸುರಿದರೆ ಜಾಗ ಸಾಲದೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಅದೇ ಜೋಡಿ ಗೂಡು. ನೋಡಲು ದಪ್ಪಗೆ ಚೆನ್ನಾಗಿಯೇ ಇರುತ್ತದೆ. ಆದರೆ ಒಳಗೆ ಎರಡು ಎಳೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಒಳ್ಳೆ ಬೈವೋಲ್ಟೈನ್ ಗೂಡಿನಿಂದ ಸಾವಿರ ಮೀಟರ್ ಆಸುಪಾಸು ಒಂದೇ ಎಳೆ ಬರುತ್ತದೆ ಅಲ್ವಾ, ಜೋಡಿ ಗೂಡಿನಲ್ಲಿ ಅದು ಮತ್ತೆ ಮತ್ತೆ ತುಂಡಾಗುತ್ತದೆ. ಇವನ್ನು ಬೇರೆ ತೆಗೆದು ಡುಪಿಯಾನ್ ಅನ್ನುವ ಒರಟು ರೇಷ್ಮೆಗೆ ಬಳಸುತ್ತಾರೆ. ಮಾರುಕಟ್ಟೆಯಲ್ಲಿ ಲಾಟಿನೊಳಗೆ (ಮಾರಲು ಇಟ್ಟ ಗೂಡಿನ ರಾಶಿ) ಕೈ ಹಾಕಿ ನೋಡುವ ರೀಲರ್‌ಗೆ (ನೂಲು ತೆಗೆಯುವವರು) ಜೋಡಿಯೂ ಕಲೆಯೂ ಜಾಸ್ತಿ ಕಂಡರೆ ಅವರು ಹೇಳುವ ಬೆಲೆ ಇಳಿಯುತ್ತದೆ.

ಆದ್ದರಿಂದ ಗೂಡು ಬಿಡಿಸಿದ ದಿನ ಮನೆ ಹೆಂಗಸರೆಲ್ಲ ಸುತ್ತ ಕೂತು ಆರಿಸುತ್ತಾರೆ. ಆ ಕೆಲಸವನ್ನು ಕ್ಯಾಮೆರಾಗೆ ಒಪ್ಪಿಸುವುದು ಮೂಲ ಯೋಚನೆ. ಕೊನೆಗೆ ಪೆಟ್ಟಿಗೆ ಬೇರೆಯದೇ ಕೆಲಸಕ್ಕೆ ನಿಂತಿತು, ಅದನ್ನು ಆಮೇಲೆ ಹೇಳುತ್ತೇನೆ.

ಬೆಳಕು

ಈ ಪ್ರಾಜೆಕ್ಟಿನಲ್ಲಿ ಜಾಸ್ತಿ ಸಮಯ ತಿಂದಿದ್ದು ಮಾಡೆಲ್ ಅಲ್ಲ, ಬೆಳಕು. ನನ್ನ ಕೇಳಿದರೆ ಇಂಥ ಎಲ್ಲ ಕೆಲಸದಲ್ಲೂ ಅದಕ್ಕೇ ಜಾಸ್ತಿ ಸಮಯ ಕೊಡಬೇಕು.

ಬಿಳಿ ಗೂಡನ್ನು ಜಗಲಿಯ ಬಿಸಿಲಲ್ಲಿ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮೇಲ್ಭಾಗ ಬೆಳ್ಳಗೆ ಸುಟ್ಟುಹೋಗಿರುತ್ತದೆ, ಪಕ್ಕದಲ್ಲಿ ನೆರಳು. ತಿಳಿ ಕಂದು ಕಲೆ ಇದ್ದರೆ ಅದೂ ಆ ನೆರಳಿನ ಬಣ್ಣವೇ. ಮಾಡೆಲ್ಲಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಪ್ಲೈವುಡ್ಡಿನ ಮುಚ್ಚಿದ ಪೆಟ್ಟಿಗೆ ಮಾಡಿ, ಒಳಗೆಲ್ಲ ಬಿಳಿ ಡಿಸ್ಟೆಂಪರ್ ಬಳಿದೆ. ಎರಡೂ ಪಕ್ಕದಲ್ಲಿ ಓರೆಯಾಗಿ ಒಂದೊಂದು ಎಲ್‌ಇಡಿ ಪಟ್ಟಿ. ಅದು ಮೇಲ್‌ಬೆಳಕು.

ಟ್ರೇ ಕೆಳಗೆ ಇನ್ನೊಂದು ಬೆಳಕು. ಇದು ಚಿಕ್ಕಮ್ಮ ಮಾಡುವುದನ್ನು ನೋಡಿ ಹೊಳೆದಿದ್ದು. ಅನುಮಾನ ಬಂದ ಗೂಡನ್ನು ಅವರು ಬಲ್ಬಿಗೆ ಅಡ್ಡ ಹಿಡಿದು ನೋಡುತ್ತಾರೆ. ಜೀವಂತ ಕೋಶ (ಗೂಡಿನೊಳಗಿನ ಪ್ಯೂಪಾ) ಇದ್ದರೆ ಒಳಗೆ ಒಂದು ಕಪ್ಪು ಉಂಡೆ ಸ್ಪಷ್ಟವಾಗಿ ಕಾಣುತ್ತದೆ, ಅಲ್ಲಾಡಿಸಿದರೆ ಸರಿದಾಡುತ್ತದೆ. ಸತ್ತು ಕರಗಿದ್ದರೆ ಗೋಡೆಗೆ ಅಂಟಿದ ಗುರುತು. ತೆಳು ಗೂಡು ಪೂರ್ತಿ ಬೆಳಗುತ್ತದೆ. ಜೋಡಿಯಲ್ಲಿ ಎರಡು ನೆರಳು. ನಾಮಫಲಕ ಮಾಡುವ ಅಂಗಡಿಯಲ್ಲಿ ಉಳಿದಿದ್ದ ಹಾಲುಬಿಳಿ ಅಕ್ರಿಲಿಕ್ ತುಂಡು ತಂದು, ಅದರ ಕೆಳಗೆ ಒತ್ತೊತ್ತಾಗಿ ಎಲ್‌ಇಡಿ ಪಟ್ಟಿ ಅಂಟಿಸಿದೆ. ಪಟ್ಟಿಗೂ ಅಕ್ರಿಲಿಕ್ಕಿಗೂ ನಡುವೆ ನಾಲ್ಕು ಬೆರಳು ಅಂತರ ಬೇಕು. ಇಲ್ಲದಿದ್ದರೆ ಒಂದೊಂದು ಎಲ್‌ಇಡಿಯೂ ಚುಕ್ಕಿಯಾಗಿ ಕಾಣುತ್ತದೆ.

ಬೆಳಕು ಕಮ್ಮಿ ಜಾಸ್ತಿ ಮಾಡಲು ಒಂದು ಡಿಮ್ಮರ್ ಹಾಕಿದಾಗ ಫೋಟೊ ತುಂಬ ಅಡ್ಡ ಪಟ್ಟೆ ಬಂತು. ಸಾಮಾನ್ಯ ಡಿಮ್ಮರ್ ಎಲ್‌ಇಡಿಯನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹಚ್ಚುತ್ತದೆ. ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಕ್ಯಾಮೆರಾ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಆರಿದ ಕ್ಷಣವೆಲ್ಲ ಕಪ್ಪು ಪಟ್ಟೆಯಾಗಿ ಸಿಗುತ್ತದೆ. ಡಿಮ್ಮರ್ ಕಿತ್ತು, 12 ವೋಲ್ಟ್ ನೇರ ಕೊಟ್ಟೆ. ಬೆಳಕು ಜಾಸ್ತಿಯಾದರೆ ಕ್ಯಾಮೆರಾ ಎಕ್ಸ್‌ಪೋಷರ್ (ಸೆನ್ಸರ್ ಬೆಳಕು ಹೀರುವ ಸಮಯ) ಇಳಿಸಿದರಾಯ್ತು.

ಕ್ಯಾಮೆರಾ ಪೈನದೇ ಮಾಡ್ಯೂಲ್ 3, 12 ಮೆಗಾಪಿಕ್ಸೆಲ್, ಆಟೋಫೋಕಸ್ ಇದೆ. ಅದರ ಅಡ್ಡ ನೋಟ 66 ಡಿಗ್ರಿ. ನನ್ನ ಟ್ರೇ ಅಗಲ 40 ಸೆಂಟಿಮೀಟರ್. ಲೆಕ್ಕ ಹಾಕಿದರೆ 31–32 ಸೆಂಟಿಮೀಟರ್ ಎತ್ತರ ಸಾಕು. ಅಂಚಿನಲ್ಲಿ ಚಿತ್ರ ಸ್ವಲ್ಪ ಸೊಟ್ಟಗಾಗುವುದರಿಂದ 40ಕ್ಕೆ ಏರಿಸಿದೆ. ಇಲ್ಲಿ ಆಟೋ ಅನ್ನುವ ಎಲ್ಲವನ್ನೂ ಆಫ್ ಮಾಡಬೇಕು. ಫೋಕಸ್ಸನ್ನು ಡಯಾಪ್ಟರ್ ಲೆಕ್ಕದಲ್ಲಿ ಕೊಡುತ್ತಾರೆ: 0.4 ಮೀಟರ್ ದೂರ ಅಂದರೆ 1 ಭಾಗಿಸು 0.4, ಅಂದರೆ 2.5. ಅಲ್ಲಿಗೇ ಬೀಗ. ಎಕ್ಸ್‌ಪೋಷರಿಗೂ ಬೀಗ. ಎಲ್ಲಕ್ಕಿಂತ ಮುಖ್ಯ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಬಣ್ಣದ ಹೊಂದಿಕೆ. ಅದನ್ನು ಆಟೋದಲ್ಲೇ ಬಿಟ್ಟರೆ, ಟ್ರೇಯಲ್ಲಿ ಕಂದು ಗೂಡು ಜಾಸ್ತಿ ಇದ್ದ ದಿನ ಕ್ಯಾಮೆರಾ ತಾನೇ ಬಣ್ಣ ಸರಿಮಾಡಲು ಹೋಗಿ ಕಲೆಯನ್ನೆಲ್ಲ ತೊಳೆದು ಬೆಳ್ಳಗೆ ಮಾಡಿಬಿಡುತ್ತದೆ.

ಟ್ರೇ ವಿಷಯ ಒಂದು. ಗೂಡುಗಳು ಒಂದಕ್ಕೊಂದು ತಾಗಿಕೊಂಡರೆ ಎರಡು ಒಳ್ಳೆ ಗೂಡು ಸೇರಿ ಒಂದು ಜೋಡಿಯಂತೆ ಕಾಣುತ್ತದೆ. ಅದಕ್ಕೆ ಹಳೆ ಚಂದ್ರಿಕೆಯೊಂದರ ಬಿದಿರು ದಬ್ಬೆ ಬಿಚ್ಚಿ, ಅಕ್ರಿಲಿಕ್ ಮೇಲೆ ಮೂರು ಸೆಂಟಿಮೀಟರಿಗೊಂದು ಅಂಟಿಸಿದೆ. ಎಂಟು ಸಾಲಾಯಿತು. ಗೂಡು ಸುರಿದು ಒಂದು ಸಲ ಅಲ್ಲಾಡಿಸಿದರೆ ಎಲ್ಲ ಸಾಲು ಹಿಡಿದು ಮಲಗುತ್ತವೆ. ಒಂದು ಸಲಕ್ಕೆ ಎಂಬತ್ತು ಗೂಡು. ದಪ್ಪ ಜೋಡಿ ಗೂಡು ಕೆಲವು ಸಲ ದಬ್ಬೆ ಮೇಲೇ ಹತ್ತಿ ಕೂರುತ್ತದೆ. ಕೂರಲಿ ಬಿಡಿ, ಅದೂ ಒಂದು ಗುರುತೇ.

ಮೊದಲು ಮಾಡೆಲ್ ಇಲ್ಲದೆ

ಎಲ್ಲದಕ್ಕೂ ಎಐ ಬೇಕಾ ಅಂತ ಮೊದಲು ಸುಮ್ನೆ ಓಪನ್‌ಸಿವಿ ಅನ್ನುವ ಚಿತ್ರ ಸಂಸ್ಕರಣೆಯ ಸಾಫ್ಟ್‌ವೇರಿನಲ್ಲೇ ನೋಡಿದೆ. ಕೆಳಬೆಳಕಿನ ಚಿತ್ರದಲ್ಲಿ ಗೂಡು ಕಪ್ಪು, ಹಿನ್ನೆಲೆ ಬಿಳಿ. ಅಂಚು ಹುಡುಕು, ವಿಸ್ತೀರ್ಣ ಅಳೆ, ಇಷ್ಟಕ್ಕಿಂತ ದೊಡ್ಡದಿದ್ದರೆ ಜೋಡಿ ಅನ್ನು. ಸಣ್ಣ ಕೋಡು. ದೊಡ್ಡ ಜೋಡಿಗಳು ತಕ್ಷಣ ಸಿಕ್ಕವು. ಆದರೆ ಗೂಡಿನ ಮೇಲೆ ಸಡಿಲ ನೂಲು ಇರುತ್ತದಲ್ಲ, ಅದು ಪಕ್ಕದ ಗೂಡಿಗೆ ಎಳೆದುಕೊಂಡು ಎರಡೂ ಒಂದೇ ಆಕಾರ ಆಗುತ್ತಿತ್ತು. ಕಲೆಗೆ ಇಷ್ಟು ಕಂದು, ತೆಳುವಿಗೆ ಇಷ್ಟು ಬೆಳಕು ಅಂತ ಒಂದೊಂದಕ್ಕೂ ಒಂದು ಸಂಖ್ಯೆ ಕೊಡಬೇಕು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ.

ಬಹಳ ವರ್ಷ ಕಂಪ್ಯೂಟರಿಗೆ ಚಿತ್ರ ಓದಿಸುತ್ತಿದ್ದುದು ಹೀಗೇ, ಅಂಚು ಮತ್ತು ಬಣ್ಣದ ಲಕ್ಷಣಗಳನ್ನು ಮನುಷ್ಯರೇ ಆರಿಸಿ ಕೊಡುವ ದಾರಿಯಲ್ಲಿ. ಕಂಪ್ಯೂಟರಿನಿಂದ ಚಿತ್ರ ಗುರುತಿಸುವ 2012ರ ಇಮೇಜ್‌ನೆಟ್ ಸ್ಪರ್ಧೆ ಆ ದಾರಿ ಬದಲಿಸಿತು. ಟೊರೊಂಟೊದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸಟ್ಸ್‌ಕೆವರ್, ಜೆಫ್ರಿ ಹಿಂಟನ್ ಮಾಡಿದ ಅಲೆಕ್ಸ್‌ನೆಟ್ ಐದು ಊಹೆಯಲ್ಲೂ ಸರಿ ಉತ್ತರ ಸಿಗದ ಪ್ರಮಾಣವನ್ನು ಶೇ. 15.3ಕ್ಕೆ ಇಳಿಸಿತು. ಎರಡನೇ ಸ್ಥಾನದವರದು ಶೇ. 26.2. ಯಾವ ಲಕ್ಷಣ ನೋಡಬೇಕು ಅನ್ನುವುದನ್ನು ಅದು ಉದಾಹರಣೆಗಳಿಂದಲೇ ಕಲಿತಿತ್ತು. ಚಿತ್ರದಲ್ಲಿ ಏನಿದೆ ಅನ್ನುವುದರ ಜೊತೆಗೆ ಎಲ್ಲಿದೆ ಅಂತ ಚೌಕ ಹಾಕಿ ಬೇಗ ಹೇಳುವ ಯೋಲೋ 2015ರಲ್ಲಿ ಬಂತು. ನನಗೆ ಬೇಕಿದ್ದುದೂ ಅದೇ: ಯಾವ ಸಾಲು, ಎಷ್ಟನೇ ಗೂಡು.

ರೆಡಿ ಸಿಗುವ ಯೋಲೋ ಮಾಡೆಲ್ ಕೋಕೋ ಅನ್ನುವ ಚಿತ್ರ ಸಂಗ್ರಹದಲ್ಲಿ ಕಲಿತಿರುತ್ತದೆ. ಅದಕ್ಕೆ ಗೊತ್ತಿರುವುದು ಮನುಷ್ಯ, ಕಾರು, ಹಸು, ಬಾಳೆಹಣ್ಣು ಹೀಗೆ 80 ಬಗೆ. ರೇಷ್ಮೆ ಗೂಡು ಅದರಲ್ಲಿಲ್ಲ. ಇರಲಿ ಅಂತ ಒಂದು ಟ್ರೇ ತೋರಿಸಿದೆ. ಒಂದಷ್ಟು ಗೂಡನ್ನು ಕಂಪ್ಯೂಟರ್ ಮೌಸ್ ಅಂದಿತು, ಒಂದನ್ನು ಸೇಬು ಅಂದಿತು. ಚಿಕ್ಕಪ್ಪನ ಮಗಳು ಬಿದ್ದು ಬಿದ್ದು ನಕ್ಕಳು. ಆದರೆ ಚೌಕ ಹಾಕಿದ್ದ ಜಾಗ ಸರಿಯಾಗಿಯೇ ಇತ್ತು! ಅಂಚು, ಉಬ್ಬು, ಮೇಲ್ಮೈ ಗುರುತಿಸುವ ಅರ್ಧ ವಿದ್ಯೆ ಅದಕ್ಕೆ ಆಗಲೇ ಬರುತ್ತದೆ. ನಾವು ಕಲಿಸಬೇಕಾದ್ದು ಕೊನೆಯ ಭಾಗ ಮಾತ್ರ. ಅದಕ್ಕೇ ಲಕ್ಷಗಟ್ಟಲೆ ಫೋಟೊ ಬೇಕಾಗುವುದಿಲ್ಲ, ಕೆಲವು ನೂರು ಟ್ರೇಗಳಲ್ಲಿ ಕೆಲಸ ನಡೆಯುತ್ತದೆ.

ಹೆಸರು ಹಚ್ಚುವುದು

ಒಂದೊಂದು ಗೂಡಿಗೂ ಚೌಕ ಎಳೆದು ಒಳ್ಳೆಯದು, ಜೋಡಿ, ಕಲೆ, ತೆಳು, ಊಜಿ ತೂತು ಅಂತ ಹೆಸರು ಹಾಕಬೇಕು. ಊಜಿ ನೊಣದ ವಿಷಯ ರೇಷ್ಮೆ ಮನೆಯವರಿಗೆ ಹೇಳಬೇಕಿಲ್ಲ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದಿದ್ದು ಇನ್ನೂ ಹೋಗಿಲ್ಲ. ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಗೂಡು ಕೊರೆದು ಹೊರಗೆ ಬಂದರೆ ಆ ಗೂಡು ರೀಲಿಂಗಿಗೆ ಬರುವುದಿಲ್ಲ.

ಚೌಕ ಎಳೆಯುವುದು ನಾನು, ಹೆಸರು ಹೇಳುವುದು ಚಿಕ್ಕಮ್ಮ. ನನಗೆ ಜೋಡಿ ಅಂತ ಕಂಡದ್ದಕ್ಕೆಲ್ಲ ಅವರು ಒಪ್ಪಲಿಲ್ಲ.

"ಅದು ಜೋಡಿ ಅಲ್ಲ ಕಣ್ಲಾ ಮಗ, ದಪ್ಪ ಹುಳದ್ದು. ಕಿವಿ ತಾವ ಇಟ್ಕೊಂಡು ಅಲ್ಲಾಡ್ಸು."

ಅಲ್ಲಾಡಿಸಿದೆ. ಒಂದೇ ಸದ್ದು, ಟಕ್ ಟಕ್ ಅಂತ. ಜೋಡಿಯಲ್ಲಿ ಸದ್ದು ಕಲಸಿದ ಹಾಗೆ ಬರುತ್ತದೆ. ಕರಗಿದ ಗೂಡಿನಲ್ಲಿ ಸದ್ದೇ ಇಲ್ಲ. ಜಗಳ ತೀರದ ಗೂಡುಗಳನ್ನು ಬ್ಲೇಡಿನಲ್ಲಿ ಕೊಯ್ದು ನೋಡಿದೆವು. ಹತ್ತಕ್ಕೆ ಒಂಬತ್ತು ಸಲ ಚಿಕ್ಕಮ್ಮನೇ ಸರಿ. ಈ ಕೊಯ್ದು ನೋಡುವ ಕೆಲಸ ಬೇಸರದ್ದು, ಆದರೆ ಬಿಡಬಾರದು. ಮಾಡೆಲ್ ಕಲಿಯುವುದು ನಾವು ಹಚ್ಚಿದ ಹೆಸರನ್ನು. ಅದು ಅಂದಾಜಾದರೆ ಮಾಡೆಲ್ಲಿನ ಉತ್ತರವೂ ಅಂದಾಜೇ.

ಫೋಟೊ ಎರಡಿದ್ದವಲ್ಲ, ಮೇಲ್‌ಬೆಳಕಿನದೊಂದು, ಕೆಳಬೆಳಕಿನದೊಂದು. ಮಾಡೆಲ್ ತಿನ್ನುವುದು ಕೆಂಪು, ಹಸಿರು, ನೀಲಿ ಅಂತ ಮೂರು ಪದರದ ಒಂದೇ ಚಿತ್ರ. ಕ್ಯಾಮೆರಾ, ಟ್ರೇ ಎರಡೂ ಅಲ್ಲಾಡದ ಕಾರಣ ಎರಡೂ ಚಿತ್ರ ಪಿಕ್ಸೆಲ್‌ಗೆ ಪಿಕ್ಸೆಲ್ ಕೂರುತ್ತವೆ. ಹಾಗಾಗಿ ಮೇಲ್‌ಬೆಳಕಿನ ಚಿತ್ರದಿಂದ ಕೆಂಪು ಮತ್ತು ನೀಲಿ ಇಟ್ಟುಕೊಂಡು, ಹಸಿರಿನ ಜಾಗಕ್ಕೆ ಕೆಳಬೆಳಕಿನ ಕಪ್ಪು-ಬಿಳುಪು ಚಿತ್ರ ತುಂಬಿದೆ. ಬಂದ ಚಿತ್ರ ವಿಚಿತ್ರ, ಆದರೆ ನೋಡಲು ಚೆಂದ. ಹಿನ್ನೆಲೆ ಬಿಳಿ. ಗಟ್ಟಿ ಗೂಡು ಕೆಳಗಿನ ಬೆಳಕು ಕಮ್ಮಿ ಬಿಡುವುದರಿಂದ ನೇರಳೆ ಬಣ್ಣ. ತೆಳು ಗೂಡು ಹಿನ್ನೆಲೆಯಲ್ಲೇ ಕರಗಿದಂತೆ ಪೇಲವ. ಕರಗಿದ ಗೂಡಿನ ಕಲೆ ನೇರಳೆ ಮೇಲೆ ಕಪ್ಪಗೆ. ಮಾಡೆಲ್ಲಿಗೆ ಕೊಡುವ ಮುಂಚೆಯೇ ನಮ್ಮ ಕಣ್ಣಿಗೇ ಅರ್ಧ ಕೆಲಸ ಮುಗಿದಿತ್ತು.

ತರಬೇತಿ ಗೂಗಲ್ ಕೊಲ್ಯಾಬ್ ಅನ್ನುವ ಆನ್‌ಲೈನ್ ಸೇವೆಯ ಉಚಿತ ಜಿಪಿಯುನಲ್ಲಿ (ಇಂಥ ಲೆಕ್ಕ ಬೇಗ ಮಾಡುವ ಚಿಪ್ಪು). ಅತಿ ಚಿಕ್ಕ ನ್ಯಾನೋ ಮಾಡೆಲ್ ತೆಗೆದುಕೊಂಡೆ. ಅದರ ಬಗ್ಗೆ ಬರೆಯುವಂಥದ್ದು ಜಾಸ್ತಿ ಇಲ್ಲ, ಕಮಾಂಡ್ ಕೊಟ್ಟು ಕಾಫಿ ಕುಡಿದು ಬಂದರೆ ಆಯಿತು. ಎರಡು ವಿಷಯ ಮಾತ್ರ ಗಮನಿಸಬೇಕು. ಒಂದು, ಪರೀಕ್ಷೆಗೆ ಇಡುವ ಫೋಟೊ ಬೇರೆ ಬೆಳೆಯದಾಗಿರಬೇಕು. ಒಂದೇ ಬೆಳೆಯ ಟ್ರೇಗಳನ್ನು ಕಲಸಿ ಕೆಲವನ್ನು ಕಲಿಕೆಗೆ, ಕೆಲವನ್ನು ಪರೀಕ್ಷೆಗೆ ಹಂಚಿದರೆ ಅಂಕ ಭರ್ಜರಿ ಬರುತ್ತದೆ, ಮುಂದಿನ ಬೆಳೆಗೆ ನೆಲ ಕಚ್ಚುತ್ತದೆ. ಎರಡು, ಜೋಡಿ ಗೂಡೆಲ್ಲ ಒಂದೇ ಟ್ರೇಗೆ ಸುರಿದು ಫೋಟೊ ತೆಗೆಯಬಾರದು. ಒಳ್ಳೆಯವುಗಳ ನಡುವೆ ಬೆರೆಸಿಯೇ ತೆಗೆಯಬೇಕು.

ಪೆಟ್ಟಿಗೆ ಓಡಿದಾಗ

ಪೈ 4ರಲ್ಲಿ ಮಾಡೆಲ್ಲನ್ನು ಸಣ್ಣ ಸಾಧನಗಳಿಗೆ ಹೊಂದುವ ಎನ್‌ಸಿಎನ್‌ಎನ್ ರೂಪಕ್ಕೆ ಬದಲಿಸಿ ಓಡಿಸಿದರೆ ಒಂದು ಟ್ರೇಗೆ ಒಂದೆರಡು ಸೆಕೆಂಡು. ಗೂಡು ಎಲ್ಲಿಗೂ ಓಡಿಹೋಗುವುದಿಲ್ಲ, ಇಲ್ಲಿ ವೇಗ ಬೇಕಿಲ್ಲ. ಪೈ 5, ಎಐ ಚಿಪ್ಪು ಅಂತ ದುಡ್ಡು ಹಾಕಬೇಡಿ.

ಉತ್ತರ ತೋರಿಸುವುದಕ್ಕೆ ಮೊದಲು ಗೋಡೆಗೆ ಮಾನಿಟರ್ ನಿಲ್ಲಿಸಿದ್ದೆ. ಸ್ಕ್ರೀನ್ ನೋಡಿ, ಟ್ರೇ ನೋಡಿ, ಯಾವುದು ಯಾವುದಕ್ಕೆ ಅಂತ ಎಲ್ಲರಿಗೂ ತಲೆ ಕೆಟ್ಟಿತು. ಆಮೇಲೆ ಒಂದು ಹಳೆ 19 ಇಂಚಿನ ಅಗಲ ಮಾನಿಟರನ್ನು ಟ್ರೇ ಪಕ್ಕದಲ್ಲೇ ಅಂಗಾತ ಮಲಗಿಸಿದೆ. ಅದರ ಪರದೆ 41 × 25.6 ಸೆಂಟಿಮೀಟರ್, ಟ್ರೇ 40 × 25. ಚಿತ್ರ ಗೂಡಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ.

ಮಾಡೆಲ್ ಪ್ರತಿ ಚೌಕಕ್ಕೂ ಎಷ್ಟು ಖಾತ್ರಿ ಅನ್ನುವ ಅಂಕ ಕೊಡುತ್ತದೆ. 0.25ಕ್ಕಿಂತ ಕಮ್ಮಿ ಇದ್ದರೆ ಬಿಟ್ಟುಬಿಡು ಅನ್ನುವುದು ಅದರ ಮಾಮೂಲಿ ಲೆಕ್ಕ. ನಾನು ಕೆಟ್ಟ ಗೂಡಿಗೆ ಅದನ್ನು ಇನ್ನೂ ಇಳಿಸಿದೆ. ಒಳ್ಳೆ ಗೂಡನ್ನು ಕೆಟ್ಟದ್ದು ಅಂದರೆ ಚಿಕ್ಕಮ್ಮ ಕೈಗೆತ್ತಿಕೊಂಡು ನೋಡಿ ವಾಪಸ್ ಹಾಕುತ್ತಾರೆ, ಅಷ್ಟೇ ನಷ್ಟ. ಕಲೆ ಗೂಡು ಕಣ್ತಪ್ಪಿ ಲಾಟಿಗೆ ಸೇರಿದರೆ ನಷ್ಟ ದೊಡ್ಡದು. ಊಜಿ ತೂತು ಮಾತ್ರ ಕಷ್ಟ. ತೂತು ಕೆಳಮುಖವಾಗಿದ್ದರೆ ಯಾವ ಮಾಡೆಲ್ಲಿಗೂ ಕಾಣದು. ಟ್ರೇ ಅಲ್ಲಾಡಿಸಿ ಎರಡನೇ ಸಲ ತೆಗೆದರೆ ಇನ್ನಷ್ಟು ಸಿಗುತ್ತವೆ, ಎಲ್ಲವೂ ಅಲ್ಲ.

ಪಕ್ಕದ ಮನೆಯವರು ಕುತೂಹಲಕ್ಕೆ ಒಂದು ಬುಟ್ಟಿ ಮಿಶ್ರತಳಿ ಗೂಡು ತಂದರು. ಹಳದಿ ಗೂಡು. ಪೆಟ್ಟಿಗೆ ಇಡೀ ಟ್ರೇಯನ್ನು ಕಲೆ ಅಂದಿತು. "ನಮ್ ಗೂಡೆಲ್ಲಾ ಕೆಟ್ಟೋಗವಂತಾ?" ಅಂತ ಅವರು ಮುಖ ಸಣ್ಣಗೆ ಮಾಡಿಕೊಂಡರು. ಬಿಳಿ ಬಿಟ್ಟು ಬೇರೆ ಗೂಡನ್ನು ಅದು ಕಂಡೇ ಇಲ್ಲ ಅಂತ ಸಮಾಧಾನ ಹೇಳಬೇಕಾಯಿತು.

ಈಗ ಮುಖ್ಯ ವಿಷಯ. ಬಿಡಿಸುವ ದಿನ ಪೆಟ್ಟಿಗೆ ಒಂದು ಕಡೆ, ಹೆಂಗಸರು ಒಂದು ಕಡೆ ಕೂತಾಗ ಲೆಕ್ಕ ಕಣ್ಣಿಗೆ ಹೊಡೆಯಿತು. ಒಂದು ಗೂಡು ಒಂದೂವರೆಯಿಂದ ಎರಡು ಗ್ರಾಂ. ನಲವತ್ತು ಸಾವಿರ ಗೂಡು ಎಪ್ಪತ್ತು ಕಿಲೋ ಆಸುಪಾಸು. ಎಂಬತ್ತರಂತೆ ಐನೂರು ಟ್ರೇ. ಸುರಿದು, ಅಲ್ಲಾಡಿಸಿ, ಫೋಟೊ ತೆಗೆದು, ಕೆಟ್ಟದ್ದನ್ನು ಹೆಕ್ಕಿ, ಮತ್ತೆ ಖಾಲಿ ಮಾಡಲು ಅರ್ಧ ನಿಮಿಷ ಅಂದರೂ ನಾಲ್ಕು ಗಂಟೆ ದಾಟುತ್ತದೆ. ನಾಲ್ಕು ಜನ ಹೆಂಗಸರು ಮಾತಾಡಿಕೊಂಡೇ ಅದಕ್ಕಿಂತ ಬೇಗ ಮುಗಿಸುತ್ತಾರೆ. ಬೆಲ್ಟು, ಗಾಳಿ ಊದುವ ನಳಿಕೆ ಎಲ್ಲ ಹಾಕಿದರೆ ವೇಗ ಬರುತ್ತದೆ, ಆದರೆ ನೂರು ಮೊಟ್ಟೆ ಸಾಕುವ ಮನೆಗೆ ಆ ಖರ್ಚು ಹುಟ್ಟುವುದಿಲ್ಲ.

ಚಿಕ್ಕಪ್ಪ ಬೇರೆ ದಾರಿ ಹಿಡಿದರು. ಆರಿಸುವುದು ಕೈಯಲ್ಲೇ ಇರಲಿ, ಪ್ರತಿ ಚಂದ್ರಿಕೆಯಿಂದ ಒಂದೇ ಟ್ರೇ ಗೂಡು ಇದಕ್ಕೆ ಕೊಡೋಣ ಅಂದರು. ಚಂದ್ರಿಕೆ ನಂಬರು ಒತ್ತಿದರೆ ಇಷ್ಟು ಜೋಡಿ, ಇಷ್ಟು ಕಲೆ, ಇಷ್ಟು ತೆಳು ಅಂತ ಒಂದು ಸಾಲು ಉಳಿಯುತ್ತದೆ. ನಲವತ್ತು ಚಂದ್ರಿಕೆಗೆ ನಲವತ್ತು ಟ್ರೇ, ಅರ್ಧ ಗಂಟೆಯ ಕೆಲಸ. ಒಟ್ಟಿಗೆ ಸುರಿದು ಆರಿಸುವಾಗ ಈ ಲೆಕ್ಕ ಸಿಗುವುದೇ ಇಲ್ಲ, ಯಾವ ಗೂಡು ಯಾವ ಚಂದ್ರಿಕೆಯದು ಅಂತ ಯಾರಿಗೆ ಗೊತ್ತು?

ಈ ಪಟ್ಟಿ ನೋಡಿದರೆ ತಪ್ಪು ಎಲ್ಲಿಂದ ಬಂತು ಅಂತ ಹೇಳಬಹುದು. ಜೋಡಿ ಜಾಸ್ತಿ ಇದ್ದವು ಕೊನೆಯಲ್ಲಿ ಬಿಟ್ಟ ಚಂದ್ರಿಕೆಗಳಲ್ಲಿ. ಸಂಜೆ ಹೊತ್ತು, ಚಂದ್ರಿಕೆ ಸಾಲದೆ ಉಳಿದ ಹುಳುವನ್ನೆಲ್ಲ ಇದ್ದುದಕ್ಕೇ ಸುರಿದಿದ್ದರು. ಗೂಡಿನ ಹೊರಗಿನ ಕಲೆ ಗೋಡೆ ಪಕ್ಕದ ಸಾಲಿನಲ್ಲಿ ಜಾಸ್ತಿ. ಹಣ್ಣು ಹುಳು ಗೂಡು ಕಟ್ಟುವ ಮುಂಚೆ ಉಚ್ಚೆ ಹೊಯ್ಯುತ್ತದೆ. ಗಾಳಿ ಆಡದ ಜಾಗದಲ್ಲಿ ಅದು ಆರದೆ ಗೂಡಿಗೆ ಹತ್ತುತ್ತದೆ. ಗೂಡು ಕಟ್ಟುವಾಗ 24–25 ಡಿಗ್ರಿ, ತೇವಾಂಶ ಶೇ. 60–70 ಇರಬೇಕು ಅಂತ ರೇಷ್ಮೆ ಇಲಾಖೆಯವರು ಹೇಳುತ್ತಲೇ ಇರುತ್ತಾರೆ. ಗೋಡೆ ಪಕ್ಕದಲ್ಲಿ ಒಂದು ತೇವಾಂಶ ಮೀಟರ್ ತೂಗುಹಾಕಿದ್ದು ಈ ಪಟ್ಟಿ ಬಂದ ಮೇಲೆ. ಮುಂದಿನ ಬೆಳೆಗೆ ಹತ್ತು ಚಂದ್ರಿಕೆ ಜಾಸ್ತಿ ಬಾಡಿಗೆಗೆ ತರಲು ಚಿಕ್ಕಪ್ಪ ಒಪ್ಪಿದ್ದೂ ಆಗಲೇ. ಅದುವರೆಗೆ ಚಿಕ್ಕಮ್ಮ ಬಾಯಲ್ಲಿ ಎಷ್ಟು ಹೇಳಿದರೂ ಕೇಳಿರಲಿಲ್ಲ.

ಇನ್ನೊಂದು ಅನಿರೀಕ್ಷಿತ ಉಪಯೋಗ ಕೆಳಬೆಳಕಿನ ಟ್ರೇಯದು. ಪೈ ಆಫ್ ಮಾಡಿದ್ದರೂ ಹೆಂಗಸರು ಆ ದೀಪ ಹಚ್ಚಿಕೊಂಡು, ಅನುಮಾನದ ಗೂಡನ್ನೆಲ್ಲ ಅದರ ಮೇಲೆ ಹರಡಿ ನೋಡುತ್ತಾರೆ. ಒಂದೊಂದೇ ಬಲ್ಬಿಗೆ ಹಿಡಿಯುವುದು ತಪ್ಪಿತು. ಕಂಪ್ಯೂಟರ್ ಬೇಡ ಅನ್ನುವವರು ಈ ಅಕ್ರಿಲಿಕ್ ದೀಪ ಒಂದನ್ನೇ ಮಾಡಿಕೊಳ್ಳಿ, ಕಮ್ಮಿ ಖರ್ಚಿನಲ್ಲಿ ಆಗುತ್ತದೆ.

ಮಾಡುವವರಿಗೆ ಒಂದೆರಡು ಮಾತು. ಪೆಟ್ಟಿಗೆಯನ್ನು ಹುಳು ಮನೆ ಒಳಗೆ ಇಡಬೇಡಿ. ಬ್ಲೀಚಿಂಗ್ ನೀರಿಗೆ ಕಾಲು ಅದ್ದದೆ ಒಳಗೆ ಬಿಡದ ಮನೆ ಅದು. ಆ ಕ್ಲೋರಿನ್ ಗಾಳಿಗೆ ಪೈನ ಪಿನ್ನು, ರಿಲೇ ಕಾಂಟ್ಯಾಕ್ಟು ಬೇಗ ಹಸಿರು ಹಿಡಿಯುತ್ತವೆ. ನಮ್ಮದು ಜಗಲಿಯಲ್ಲಿ, ಹಳೆ ಸೀರೆ ಮುಚ್ಚಿಕೊಂಡು ಇದೆ. ಕೆಳಗಿನ ದೀಪ ಫೋಟೊ ತೆಗೆಯುವಾಗ, ಇಲ್ಲವೇ ಗೂಡು ನೋಡುವ ಹೊತ್ತಿಗೆ ಮಾತ್ರ ಹತ್ತಲಿ, ಒಳಗಿನ ಕೋಶ ಇನ್ನೂ ಜೀವಂತ, ಬಿಸಿ ಆಗಬಾರದು. ಅಕ್ರಿಲಿಕ್ ಮೇಲೆ ಬಹಳ ಬೇಗ ಗೀರು ಬೀಳುತ್ತದೆ. ಗೀರು ಬಿದ್ದ ಕಡೆ ಮಾಡೆಲ್ ಕಲೆ ಅಂತ ಚೌಕ ಹಾಕಲು ಶುರುಮಾಡಿದೆ. ಮುಂದಿನ ಬೆಳೆ ಹಣ್ಣಾಗುವ ಮುಂಚೆ ಮೇಲೊಂದು ಗಾಜು ಕೂರಿಸಬೇಕು, ಪಕ್ಕದ ಮನೆಯವರ ಹಳದಿ ಗೂಡಿಗೂ ಫೋಟೊ ತೆಗೆದು ಹೆಸರು ಹಚ್ಚಬೇಕು. ಬ್ಲೇಡು ಹಿಡಿದು ಕೂರಲು ಅವರ ಮಗನೇ ಬರುತ್ತೇನೆ ಅಂದಿದ್ದಾನೆ.